ಖಾಲಿ ಬಿಟ್ಟ ತಾರೀಖು

ತುಮಕೂರಿನ ರಕ್ತದಾನಿಗಳ ಸಂಘವೊಂದರಲ್ಲಿ ನನಗೆ ಕೆಲಸ ಸಿಕ್ಕಿದ್ದು ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ಭಾಷೆ ಬರುತ್ತದೆಂದು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದು ಹಳತಾಯಿತು. ದಾನಿಗಳ ಪಟ್ಟಿ ನೋಡಿಕೊಳ್ಳುವ ಪ್ರೋಗ್ರಾಮಿನ ಫಂಕ್ಷನ್‌ಗಳನ್ನೆಲ್ಲ ವಿಷುವಲ್ ಬೇಸಿಕ್‌ನಲ್ಲಿ ಬರೆದುಕೊಡು ಎಂದರು. ಒಂದು ಭಾಷೆಯಲ್ಲಿದ್ದುದನ್ನು ಇನ್ನೊಂದಕ್ಕೆ ತಿರುಗಿಸುವುದು, ಅಷ್ಟೇ. ಆದರೆ ಬಾಯಿ ಮುಚ್ಚಿಕೊಂಡು ತಿರುಗಿಸುವ ಬುದ್ಧಿ ನನಗೆಲ್ಲಿತ್ತು? ನನಗಿಂತ ಮುಂಚೆ ಇದ್ದ ಪ್ರೋಗ್ರಾಮರ್‌ನನ್ನು ಸಾಲುಸಾಲಿಗೂ ಬೈದುಕೊಂಡೇ ಬರೆಯುತ್ತಿದ್ದೆ.

ಯಾರನ್ನು ಕರೆಯಬಹುದು ಎಂದು ಹೇಳುವ ಫಂಕ್ಷನ್‌ನಲ್ಲಿ ಒಂದು ಸಾಲಿತ್ತು: ಕೊನೆಯ ಸಲ ರಕ್ತ ಕೊಟ್ಟ ತಾರೀಖು ಖಾಲಿಯಿದ್ದರೆ ಆ ಹೆಸರು ಬಿಟ್ಟು ಮುಂದೆ ಹೋಗು. ಖಾಲಿ ಎಂದರೆ ಇನ್ನೂ ಒಮ್ಮೆಯೂ ಕೊಡದವರು, ಅವರನ್ನೇ ಅಲ್ಲವೇ ಮೊದಲು ಕರೆಯಬೇಕಾದ್ದು? ದಡ್ಡ ಸಾಲು ಎಂದು ಕಿತ್ತುಹಾಕಿದೆ. ಯಾರನ್ನೂ ಕೇಳಲಿಲ್ಲ.

ಹೊಸ ಪಟ್ಟಿ ತೆಗೆದ ಮೊದಲ ದಿನವೇ ಕುಣಿಗಲ್ಲಿನ ಹೆಂಗಸೊಬ್ಬರ ಆಪರೇಷನ್‌ಗೆ ರಕ್ತ ಬೇಕಾಯಿತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಗುಬ್ಬಿಯಲ್ಲಿ ಮರಗೆಲಸ ಮಾಡುವ ಒಬ್ಬರ ಹೆಸರಿತ್ತು. ಅವರ ಪಕ್ಕದ ಅಂಗಡಿಗೆ ಫೋನ್ ಮಾಡಿ ಕರೆಸಿ, ಇಲ್ಲಿನ ಆಸ್ಪತ್ರೆಗೆ ಬರಲು ಹೇಳಿದೆ.

"ನನ್ನ ಮರ್ತೇಬಿಟ್ರಿ ಅಂದ್ಕೊಂಡಿದ್ದೆ ಕಣಮ್ಮ. ಈಗ್ಲೇ ಬಸ್ ಹತ್ತೀನಿ" ಎಂದರು. ಒಮ್ಮೆಯೂ ಕೊಡದವರು ಹೀಗೇಕೆ ಹೇಳುತ್ತಾರೆ ಎಂದು ಆಗಲೇ ನನ್ನ ತಲೆಗೆ ಹೊಳೆಯಬೇಕಿತ್ತು.

ಸಂಘದ ಕಾರ್ಯದರ್ಶಿ ರಿಟೈರಾದ ಮೇಷ್ಟ್ರು. ಮಧ್ಯಾಹ್ನ ಬಂದವರು ಪಟ್ಟಿಯಲ್ಲಿ ನಾನು ಗುರುತು ಹಾಕಿದ್ದ ಹೆಸರು ನೋಡಿ ಕುರ್ಚಿಯಲ್ಲಿ ಕುಸಿದು ಕೂತರು.

"ಇವ್ನನ್ನ ಯಾಕ್ ಕರೆಸ್ದೆ? ರಕ್ತದಲ್ಲಿ ಕಾಮಾಲೆ ಸೋಂಕಿದೆ, ಹೆಂಡ್ತಿ ಮಕ್ಕಳಿಗೂ ಅಂಟೋ ಅಂಥದ್ದು ಅಂತ ನಾಲ್ಕು ವರ್ಷದ ಹಿಂದೇನೇ ಬ್ಲಡ್ ಬ್ಯಾಂಕ್‌ನೋರು ಹೇಳಿದ್ರು. ಅದನ್ನ ಬರೆದಿಟ್ರೆ ನಾಲ್ಕು ಜನ ನೋಡ್ತಾರೆ, ಊರೆಲ್ಲ ಆಡ್ಕೋತದೆ. ಕಂಪ್ಯೂಟರ್ ಆ ಹೆಸರು ಬಿಟ್ಟು ಹೋಗ್ಲಿ ಅಂತ ಅಂಥೋರ ತಾರೀಖು ಅಳಿಸಿಬಿಡ್ತಿದ್ದೆ."

"ಅವ್ರಿಗೆ ಗೊತ್ತಾ ಸಾರ್?"

"ಮದ್ವೆ ಆಗ್ಬೇಕಿದ್ದ ಹುಡುಗ ಕಣಮ್ಮ. ಹೆಂಗ್ ಹೇಳ್ಲಿ?"

ಆಸ್ಪತ್ರೆಗೆ ಫೋನ್ ಮಾಡಿದರೆ ಎಂಗೇಜು, ಮತ್ತೆ ಮಾಡಿದರೂ ಎಂಗೇಜು. ಓಡಿಹೋಗಿ ಆಟೋ ಹತ್ತಿದೆ. ರಕ್ತವನ್ನು ಪರೀಕ್ಷೆ ಮಾಡದೆ ಯಾರಿಗೂ ಕೊಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಈ ಸಲದ ಪರೀಕ್ಷೆಯಲ್ಲಿ ಸೋಂಕು ಕಾಣಿಸದೇ ಹೋದರೆ? ಕುಣಿಗಲ್ಲಿನ ಆ ಹೆಂಗಸಿಗೆ ಏನಾದರೂ ಆದರೆ ಅದು ನಾನೇ ಮಾಡಿದ ಪಾಪ. ಮುಂದೆ ಒಂದು ಲಾರಿ ಅಡ್ಡ ನಿಂತಿತ್ತು. ಡ್ರೈವರ್ ಮೇಲೆ ಸುಮ್ಮಸುಮ್ಮನೆ ರೇಗಾಡಿದೆ.

ಆಸ್ಪತ್ರೆಯಲ್ಲಿ ಗುಬ್ಬಿಯವರು ಶರ್ಟಿನ ತೋಳು ಮಡಚಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಸೂಜಿ ಇನ್ನೂ ಚುಚ್ಚಿರಲಿಲ್ಲ. ಸದ್ಯ ಬದುಕಿದೆ ಎನ್ನಿಸಿ ಕಣ್ಣಲ್ಲಿ ನೀರು ಬಂತು. ಏನಾದರೊಂದು ನೆಪ ಹೇಳಿ ಊರಿಗೆ ಕಳಿಸಬಹುದಿತ್ತು. ನನಗೆ ನೆಪ ಹೊಳೆಯಲಿಲ್ಲ, ಇದ್ದದ್ದನ್ನು ಇದ್ದಹಾಗೇ ಹೇಳಿಬಿಟ್ಟೆ.

ಅವರು ಮಡಚಿದ್ದ ತೋಳು ಬಿಚ್ಚಿ ಗುಂಡಿ ಹಾಕಿಕೊಂಡರು. ಆಮೇಲೆ, "ಮೇಷ್ಟ್ರಿಗೆ ಯಾವಾಗಿಂದ ಗೊತ್ತು?" ಎಂದು ಕೇಳಿದರು.

"ನಾಲ್ಕು ವರ್ಷ."

"ನಂಗ್ ಮದ್ವೆ ಆಗಿ ಎರಡು ವರ್ಷ ಆಯ್ತಮ್ಮ" ಎಂದರು. "ಹೆಂಡ್ತಿಗೀಗ ಏಳು ತಿಂಗಳು."