ತಾತನಿಗೆ ಇಡದ ಎಡೆ

ಹೃದಯದ ಆಪರೇಶನ್ ಮುಗಿಸಿಕೊಂಡು ಮನೆಗೆ ಬಂದ ಮೂರನೇ ದಿನ ಅಪ್ಪ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡು, ಉಯಿಲು ಬರೆಸುವವನ ಹಾಗೆ ಗಂಟಲು ಸರಿಮಾಡಿಕೊಂಡ. ನಾನು ಏನೇನೋ ಊಹಿಸಿಕೊಂಡು ಹೆದರಿದೆ.

"ನಮ್ ತಾತ ಸತ್ತಿದ್ದು ಯಾವಾಗ ಅಂತ ಪತ್ತೆ ಮಾಡ್ಕೊಡವ್ವಾ," ಅಂದ.

ನನಗೆ ನಗು ತಡೆಯಲಾಗಲಿಲ್ಲ. ಬದುಕಿದ್ದರೆ ನೂರಿಪ್ಪತ್ತು ದಾಟಿರಬೇಕಾದ ಮನುಷ್ಯ. "ಸತ್ತಿರ್ತಾರೆ ಬಿಡಪ್ಪಾ, ಅದ್ರಲ್ಲಿ ಪತ್ತೆ ಮಾಡೋದೇನಿದೆ?" ಅಂದೆ. ಅಪ್ಪ ನಗಲಿಲ್ಲ.

ವಿಷಯ ಗೊತ್ತಿತ್ತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಒಬ್ಬೊಬ್ಬರ ಹೆಸರು ಹೇಳಿ ಬಾಳೆಲೆಯಲ್ಲಿ ಎಡೆ ಬಡಿಸುತ್ತೇವೆ. ಬಾಗಿಲು ಮುಂದಕ್ಕೆಳೆದು, ಅವರು ಬಂದು ಉಣ್ಣಲಿ ಅಂತ ಹೊರಗೆ ಕಾಯುತ್ತೇವೆ. ಅಪ್ಪನ ತಾತನಿಗೆ ಮಾತ್ರ ಎಡೆ ಇಲ್ಲ. ಆತ ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟು ಹೋದವನು. ಬದುಕಿರುವವರಿಗೆ ಎಡೆ ಇಟ್ಟರೆ ಆಯಸ್ಸು ಕಳೆಯುತ್ತದೆ ಅಂತ ಅಪ್ಪನ ಅಜ್ಜಿ ಇಡಗೊಡಲಿಲ್ಲ. ಆಕೆ ಸಾಯುವವರೆಗೂ ಹಣೆ ತುಂಬ ಕುಂಕುಮ ಇಟ್ಟುಕೊಂಡಿದ್ದಳಂತೆ, ಮುತ್ತೈದೆಯಾಗಿಯೇ ಮಣ್ಣಾದಳಂತೆ. ಆಮೇಲೆ ಆಕೆಯ ಮಗ, ಅಂದರೆ ನನ್ನ ತಾತ, ಅಮ್ಮನ ಮಾತು ಮೀರಲಿಲ್ಲ. ಅಪ್ಪನೂ ಮೀರಲಿಲ್ಲ. ಮೂರು ತಲೆಮಾರು ಒಬ್ಬ ಮನುಷ್ಯನ ಆಯಸ್ಸು ಕಾಯುತ್ತ ಕೂತಿತ್ತು.

"ನಾಳೆ ನಾನೂ ಅಲ್ಲಿಗೇ ಹೋಗೋನು," ಅಂದ ಅಪ್ಪ. "ಹಸ್ಕೊಂಡು ಕೂತಿರ್ತಾನೆ. ಎಲ್ಲಾರ್ಗೂ ಇಟ್ಟೆ, ನನಗ್ಯಾಕೆ ಇಡ್ಲಿಲ್ಲ ಅಂದ್ರೆ ಏನ್ ಹೇಳ್ಲಿ?" ಕಣ್ಣಲ್ಲಿ ನೀರಿತ್ತು. ಆಪರೇಶನ್‌ಗೆ ಒಳಗೆ ಕರೆದುಕೊಂಡು ಹೋಗುವಾಗಲೂ ಅಳದ ಗಂಡಸು. ಅಮಾವಾಸ್ಯೆಗೆ ಎರಡು ತಿಂಗಳಿತ್ತು. ಪತ್ತೆ ಮಾಡುತ್ತೇನೆ ಅಂದುಬಿಟ್ಟೆ.

ನನ್ನದು ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಎರಡನೇ ಪಾಳಿ ಬಿದ್ದ ವಾರಗಳಲ್ಲಿ ಬೆಳಗ್ಗೆ ಬಿಡುವು. ಮೊದಲು ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರದ ನಮ್ಮೂರಿಗೆ ಹೋಗಿ ಅಟ್ಟದ ತಗಡಿನ ಟ್ರಂಕು ಇಳಿಸಿದೆ. ಕಂದಾಯದ ರಸೀದಿ, ಯಾರದೋ ಜಾತಕ, ಗೆದ್ದಲು ತಿಂದುಳಿದ ಒಂದೇ ಒಂದು ಕೋರ್ಟ್ ಹಾಳೆ. ಅದರಲ್ಲಿ ಮೊಕದ್ದಮೆಯ ನಂಬರು, ವಾದಿಯ ಜಾಗದಲ್ಲಿ ಮೈನರ್ ಆಗಿದ್ದ ನನ್ನ ತಾತನ ಹೆಸರು, ಕೆಳಗೆ ಅಪ್ಪನ ಅಜ್ಜಿಯ ಹೆಬ್ಬೆಟ್ಟು. ಆಕೆ ಕೋರ್ಟಿನ ಮೆಟ್ಟಿಲು ಹತ್ತಿದ್ದಳು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಮೊಕದ್ದಮೆಯ ಕಾಗದಗಳ ನಕಲಿಗೆ ಕೋರ್ಟಿನಲ್ಲಿ ಅರ್ಜಿ ಹಾಕಿ ನಾಲ್ಕು ಸಲ ಅಲೆದೆ. ನನಗೆ ಕಾಯುವುದು ಬರುವುದಿಲ್ಲ. ಬೆಂಚಿನಲ್ಲಿ ಕೂತರೆ ಕಾಲು ಕುಣಿಯುತ್ತದೆ, ಎದ್ದು ಹೋಗಿ ಟೀ ಕುಡಿಯುತ್ತೇನೆ, ಬಂದು ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆ. ರೆಕಾರ್ಡ್ ರೂಮಿನ ಗುಮಾಸ್ತರು ಒಳ್ಳೆಯವರು. "ಅಮ್ಮಾ, ಫೈಲು ಇಷ್ಟ್ ವರ್ಷ ಕಾದಿದೆ, ಇನ್ನೊಂದ್ ವಾರ ಕಾಯಲ್ವಾ? ಹುಳ ತಿಂದಿಲ್ದಿದ್ರೆ ಸಿಗುತ್ತೆ," ಅನ್ನುತ್ತಿದ್ದರು. ಆ ವಾರವಿಡೀ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ.

ನಕಲು ಸಿಕ್ಕಿತು. ಆದರೆ ಆ ಕಾಲದ, ಅಕ್ಷರ ಬಿಡಿಸದೆ ಕೂಡಿಸಿ ಬರೆದ ಮೋಡಿ ಲಿಪಿಯಂಥ ಬರವಣಿಗೆ ನನಗೆ ಒಂದಕ್ಷರವೂ ಹತ್ತಲಿಲ್ಲ. ದೇವನಹಳ್ಳಿಯಲ್ಲಿ ಕಚೇರಿಯ ಹೊರಗೆ ಕೂತು ಅರ್ಜಿ ಬರೆದುಕೊಡುವ ಮುದುಕರೊಬ್ಬರು ಓದಿ ಹೇಳಲು ಒಪ್ಪಿದರು. ಸಲೀಸಾಗಿ ಓದುತ್ತ ಹೋದರು. ಗಂಡ ಸತ್ತಿದ್ದಾನೆ, ಜಮೀನು ನನ್ನ ಮಗನ ಹೆಸರಿಗೆ ಬರಬೇಕು ಅಂತ ಅಜ್ಜಿಯ ದಾವೆ. ಅಣ್ಣ ಸತ್ತಿಲ್ಲ, ಹೊಸಕೋಟೆಯಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡಿದ್ದಾನೆ, ನಾನೇ ಕಣ್ಣಾರೆ ಕಂಡಿದ್ದೇನೆ ಅಂತ ಮೈದುನನ ತಕರಾರು. ಆಮೇಲೆ ಅಜ್ಜಿಯ ಸಾಕ್ಷಿ. ಮೈದುನನ ಕಡೆಯ ವಕೀಲ ಕೇಳಿದ್ದಾನೆ: ಗಂಡ ಸತ್ತಿದ್ದರೆ ಹಣೆಯಲ್ಲಿ ಕುಂಕುಮವೇಕೆ?

ಮುದುಕರು ಅಲ್ಲಿ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

"ಮುಂದೆ ಓದಿ ಸ್ವಾಮಿ," ಅಂದೆ.

"ಸಾಕ್ಷಿಯು ಸೆರಗಿನಿಂದ ಹಣೆಯನ್ನು ಒರೆಸಿಕೊಂಡು, ಈಗ ಆಯಿತೇ ಎಂದು ಕೇಳಿದಳು," ಅಂತ ಓದಿದರು. ಇನ್ನೊಂದು ಸಲ ಓದಿಸಿದೆ. ಅಲ್ಲಿ ಅಷ್ಟೇ ಬರೆದಿತ್ತು. ತೀರ್ಪು ಅಜ್ಜಿಯ ಪರವಾಗಿತ್ತು.

ಸ್ಕೂಟರ್ ಹತ್ತಿದವಳು ಮನೆಯ ಕಡೆಗಿನ ದೊಡ್ಡಬಳ್ಳಾಪುರದ ದಾರಿ ಹಿಡಿಯುವುದು ಬಿಟ್ಟು ಹೊಸಕೋಟೆ ಕಡೆ ತಿರುಗಿಸಿದೆ. ಯಾಕೆ ಅಂತ ನನಗೇ ತಿಳಿಯದು. ಹೋಗಿ ಯಾರನ್ನು ಕೇಳುವುದು? ನಮ್ಮ ಮುತ್ತಾತ ನಿಮ್ಮೂರಿಗೆ ಓಡಿಬಂದಿದ್ದನಾ ಅಂತಲೇ? ನಲ್ಲೂರಿನ ಹುಣಸೆ ತೋಪಿನ ಹತ್ತಿರ ಗಾಡಿ ನಿಲ್ಲಿಸಿದೆ. ಒಂದು ಕಡೆ ನಿಲ್ಲಲಾಗಲಿಲ್ಲ, ಆ ಮರದಿಂದ ಈ ಮರಕ್ಕೆ ಸುಮ್ಮನೆ ನಡೆದೆ. ಬಿಟ್ಟುಹೋದ ಆ ಮನುಷ್ಯನ ಮೇಲೆ ಸಿಟ್ಟು. ಅಷ್ಟು ಜನ ಗಂಡಸರ ಮುಂದೆ ಹಣೆ ಒರೆಸಿಕೊಂಡ ಹೆಂಗಸು ಮನೆಗೆ ಬಂದು ಮತ್ತೆ ಕುಂಕುಮ ಇಟ್ಟುಕೊಳ್ಳುವಾಗ ಏನಂದುಕೊಂಡಿದ್ದಳೋ. ತಾನೇ ಕೋರ್ಟಿನಲ್ಲಿ ಕೊಂದ ಗಂಡನಿಗೆ ಎಡೆಯನ್ನೂ ಇಟ್ಟು ನಿಜವಾಗಿಯೂ ಕೊಲ್ಲುವುದು ಬೇಡ ಅಂತಲೇ ಇರಬೇಕು ಆಕೆ ತಡೆದದ್ದು. ಆಕೆ ಹಾಗೆ ಉಳಿಸಿದ ಜಮೀನಿನ ಹಿಪ್ಪುನೇರಳೆಯಲ್ಲೇ ಅಪ್ಪ ಬೆಳೆದ, ನಾನು ಓದಿದೆ. ಅಲ್ಲಿಂದಲೇ ವಾಪಸ್ ತಿರುಗಿದೆ.

ದಾರಿಯಲ್ಲಿ ತೀರ್ಮಾನ ಮಾಡಿಕೊಂಡೆ. ಅಪ್ಪನಿಗೆ ಬೇಕಾದದ್ದು ಸಾವು, ಕಾಗದದಲ್ಲಿ ಸಾವು ಇದೆ. ಮಿಕ್ಕದ್ದು ಹೊಲಿಗೆ ಹಾಕಿದ ಎದೆಗೆ ಬೇಡ.

"ಸಿಕ್ತಪ್ಪಾ. ಆಗಲೇ ತೀರ್ಕೊಂಡಿದ್ರಂತೆ, ಕೋರ್ಟಲ್ಲೇ ಬರ್ದಿದೆ," ಅಂದೆ.

ಅಪ್ಪನ ಮುಖ ಅರಳಿತು. ದಿಂಬಿಗೆ ಒರಗಿ ಕೈ ಮುಗಿದ. ಆಮೇಲೆ, "ಯಾರ್ ಹೇಳಿದ್ದು ಕೋರ್ಟಲ್ಲಿ?" ಅಂತ ಕೇಳಿದ.

ಸುಳ್ಳು ನನಗೆ ಎರಡನೇ ಮಾತಿಗೇ ಖಾಲಿಯಾಗುತ್ತದೆ. "ನಿಮ್ಮಜ್ಜಿ," ಅಂದೆ.

"ಕುಂಕುಮ ಇಟ್ಕೊಂಡಾ?"

ಪೂರ್ತಿ ಹೇಳಬೇಕಾಯಿತು. ಅಪ್ಪ ತನ್ನ ಅಂಗೈ ನೋಡಿಕೊಂಡ. "ನಮ್ಮಪ್ಪನ್ನೂ ಕರ್ಕೊಂಡೋಗಿರ್ತಾಳೆ. ಮಗೂನ ಯಾರತ್ರ ಬಿಟ್ಟೋಗ್ತಾಳೆ?" ಅಂದ. "ಅಂದ್ರೆ ಅವನೂ ನೋಡಿರ್ತಾನೆ." ಆಮೇಲೆ ಗೋಡೆ ಕಡೆ ಮಗ್ಗುಲಾದ. ಹೇಳಬಾರದಿತ್ತು ಅಂತ ನಾನು ವಾರಗಟ್ಟಲೆ ಒದ್ದಾಡಿದೆ. ಕಾರ್ಖಾನೆಯಲ್ಲಿ ಫೋನು ಅದುರಿದರೆ ಸಾಕು, ಮನೆಯದೇ ಅಂತ ಹೊರಗೆ ಓಡುತ್ತಿದ್ದೆ. ಅಪ್ಪ ಎಡೆಯ ಮಾತೇ ಎತ್ತಲಿಲ್ಲ.

ಅಮಾವಾಸ್ಯೆ ಬಂತು. ಅಮ್ಮ ಹಿರಿಯರ ಎಲೆಗಳನ್ನೆಲ್ಲ ಬಡಿಸಿದಳು. ಅಪ್ಪನ ಅಜ್ಜಿಗೆ ಇಷ್ಟವಾದ ಅವರೆಕಾಳಿನ ಸಾರು, ನನ್ನ ತಾತನಿಗೆ ಬೀಡಿಕಟ್ಟು. ಅಪ್ಪ ಗೋಡೆ ಹಿಡಿದುಕೊಂಡು ಎದ್ದು ಬಂದ. ಇನ್ನೊಂದು ಎಲೆ ತರಿಸಿ ಹಜಾರ ದಾಟಿದ, ಹೊಸಿಲಿನ ಆಚೆ ಹಾಸಿದ. ನಾನು ಹಿಡಿಯಲು ಹೋದರೆ ಕೈ ಕೊಡವಿದ. ಏನು ಬಡಿಸಲಿ ಅಂತ ಅಮ್ಮ ಕೇಳಿದಳು, ಮನೆ ಬಿಟ್ಟು ಹೋದವನಿಗೆ ಏನು ಇಷ್ಟವಿತ್ತೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಒಂದ್ ಮುದ್ದೆ, ಸಾರು. ಸಾಕು," ಅಂದ ಅಪ್ಪ.

ತಾನೇ ಬಡಿಸಿದ. ತಾನು ಹುಟ್ಟಿದಾಗಿನಿಂದ ಮನೆಯಲ್ಲಿ ಯಾರೂ ಕೂಗದ ತಾತನ ಹೆಸರನ್ನು ಗಟ್ಟಿಯಾಗಿ ಕೂಗಿದ. ಒಳಗೆ ಅಜ್ಜಿಯ ಎಲೆಯಿದ್ದ ಕಡೆ ಒಮ್ಮೆ ತಿರುಗಿ ನೋಡಿ, ಹೊಸಿಲಿಗೆ ಅಡ್ಡವಾಗಿ ನಿಂತುಕೊಂಡ.

"ಉಂಡ್ಕೊಂಡ್ ಹೋಗು," ಅಂದ. "ಒಳಗ್ ಬರ್ಬೇಡ."