ನಮ್ಮ ಓಣಿಯ ಹಾಸ್ಯಪ್ರಜ್ಞೆ

ಈಗಿನ ಮಕ್ಕಳಿಗೆ ನಗಲು ಬರುವುದಿಲ್ಲ ಎಂದು ನಾನು ರೇಗಾಡದ ದಿನವಿಲ್ಲ. ಅವರಿಗೆ ಕಲಿಸಿಯೇ ಬಿಡೋಣವೆಂದು ಮೊನ್ನೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿರುವ ಮಗಳ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳನ್ನೂ ಹಿಡಿದು ಕೂರಿಸಿ, ಎಂಬತ್ತರ ದಶಕದ ಹಿಂದಿ ಹಾಸ್ಯ ಧಾರಾವಾಹಿಯೊಂದನ್ನು ಹಚ್ಚಿದೆ.

ಆಗ ಹರಿಹರದ ನಮ್ಮ ಓಣಿಗೆಲ್ಲ ಒಂದೇ ಟಿ.ವಿ. ಅದು ಪಕ್ಕದ ಮನೆಯ ಖಾಲಾ ಅವರದು; ಖಾಲಾ ಎಂದರೆ ಚಿಕ್ಕಮ್ಮ, ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ನಮಗ್ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಮನೆಯಲ್ಲಿ ಉರ್ದು ಮಾತಾಡುವ ಖಾಲಾಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಅವರು ತೊಡೆ ತಟ್ಟಿಕೊಂಡು ನಕ್ಕ ಕೂಡಲೇ ನಾವೂ ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ "ಅವ ಏನಂದ್ನ್ರಿ ಖಾಲಾ?" ಎಂದು ಕೇಳಿ, ಅವರು ಕನ್ನಡದಲ್ಲಿ ಹೇಳಿದ ಮೇಲೆ ಇನ್ನೊಮ್ಮೆ ನಗುತ್ತಿದ್ದೆವು.

ಒಮ್ಮೆ ಹಿಟ್ಟಿನ ಗಿರಣಿಯವರು ಖಾಲಾಗಿಂತ ಮೊದಲೇ ನಕ್ಕುಬಿಟ್ಟರು. "ಯಾಕ್ರಿ ನಗ್ತೀರಿ? ಪಾಪ, ಅವನ ತಾಯಿಗೆ ಹುಷಾರಿಲ್ಲಂತೆ!" ಎಂದರು ಖಾಲಾ. ಅಂದಿನಿಂದ ಯಾರೂ ಅವಸರ ಮಾಡಲಿಲ್ಲ. ಒಂದು ವಾರ ಅವರು ಮದುವೆಗೆಂದು ದಾವಣಗೆರೆಗೆ ಹೋಗಿದ್ದಾಗ, ಇಡೀ ಓಣಿ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ಕೊನೆಯವರೆಗೂ ಕೂತಿತ್ತು.

ಮೊಮ್ಮಕ್ಕಳು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಾನೂ ನಕ್ಕಿಲ್ಲ ಎಂಬುದು ನನ್ನ ಗಮನಕ್ಕೆ ಬಂತು.

"ಅಜ್ಜಾ, ಕಾಮಿಡಿ ಐತೆ ಅಂದಿದ್ದಿ. ನಗೋದು ಯಾವಾಗ?" ಎಂದಳು ಚಿಕ್ಕವಳು.

"ಸುಮ್ನೆ ನೋಡು," ಎಂದು ಗದರಿದೆ. "ಖಾಲಾ ಇನ್ನೂ ನಕ್ಕಿಲ್ಲ."