ಹೊಟ್ಟಿನ ಬ್ಯಾಟರಿಗೆ ಬೇಕಾದ ಹೆಬ್ಬೆಟ್ಟು

ನಾನು ಶಹಾಪುರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದವನು. ಗಾಜಿನ ಸಾಮಾನು ತೊಳೆಯುವುದು, ಹಾಳಾದ ಬರ್ನರಿಗೆ ಬೈಯುವುದು, ಇಷ್ಟೇ ನನ್ನ ವಿಜ್ಞಾನ. ಆದರೆ ನಮ್ಮಲ್ಲಿ ಒಬ್ಬ ದೊಡ್ಡ ವಿಜ್ಞಾನಿ ಸಾಹೇಬರಿದ್ದರು.

ಕಾಲುವೆ ನೀರು ಬಂದ ಮೇಲೆ ಜೋಳ ಬಿತ್ತುತ್ತಿದ್ದ ನಮ್ಮ ಜನ ಭತ್ತ ನಾಟಿಗೆ ಇಳಿದರು. ಭತ್ತದ ಹಿಂದೆ ಮಿಲ್ಲು, ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡ. ಆ ಹೊಟ್ಟನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಅದರಿಂದ ಬ್ಯಾಟರಿ ಕಟ್ಟಬಹುದೆಂದು ಸಾಹೇಬರು ತೋರಿಸಿದರು. ಹೊಟ್ಟು ಹೊತ್ತವನೂ ಕುಲುಮೆ ಕಾಯ್ದವನೂ ನಾನೇ. ಪ್ರಬಂಧದಲ್ಲಿ ನನ್ನ ಹೆಸರಿಲ್ಲವೆಂಬ ಸಿಟ್ಟಿಲ್ಲ. ಇದ್ದಿಲು ನಿಜಕ್ಕೂ ಚೆನ್ನಾಗಿತ್ತು, ಮನುಷ್ಯನೇ ಅಷ್ಟಕ್ಕಷ್ಟೆ.

ಒಂದು ಬ್ಯಾಟರಿಯನ್ನು ಪಕ್ಕದ ಸಗರ ಊರಿನ ಹತ್ತಿರ ಕುರಿ ಸಾಕಿದ್ದ, ನಾವೆಲ್ಲ ಅಕ್ಕ ಎಂದು ಕರೆಯುವ ಹೆಂಗಸಿಗೆ ಕೊಟ್ಟೆವು. ಸುಗ್ಗಿ ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸುವುದು ಅವಳ ಮನೆತನದ ಕಸುಬು. ಸುತ್ತ ಬಲೆ ಕಟ್ಟಿ ನಡುವೆ ಬ್ಯಾಟರಿಯ ದೀಪವಿಟ್ಟರೆ ತೋಳ ಹತ್ತಿರ ಸುಳಿಯುವುದಿಲ್ಲ. ಅವತ್ತು ಸಾಹೇಬರು ಫೋಟೊಕ್ಕೆಂದು ಮರಿ ಎತ್ತಿಕೊಂಡು ನಿಂತರು. ಅದು ಅವರ ಕೋಟಿನ ಮೇಲೆ ಉಚ್ಚೆ ಹೊಯ್ದಿತು. ಅವರನ್ನು ಸರಿಯಾಗಿ ಅಳೆದ ಜೀವ ಅದೊಂದೇ.

ಆಮೇಲೆ ಬಡ್ತಿಯ ಕಾಲ ಬಂತು. ತಮ್ಮ ಪ್ರಬಂಧಗಳನ್ನು ಯಾರು ಯಾರು ಉಲ್ಲೇಖಿಸಿದ್ದಾರೆಂದು ಸಾಹೇಬರು ಜ್ವರ ನೋಡಿದಂತೆ ದಿನಕ್ಕೆರಡು ಸಲ ನೋಡುತ್ತಿದ್ದರು. ಇವರು ತಮ್ಮ ಪ್ರಬಂಧದಲ್ಲಿ ಬೇರೆ ಯಾವನೋ ಸಾಹೇಬನ ಹೆಸರು ಬರೆದರೆ ಅವನು ಇವರ ಹೆಸರು ಬರೆಯುತ್ತಾನೆ. ಮದುವೆಯಲ್ಲಿ ಉಡುಗೊರೆ ಬಂದರೆ ಆಯೇರಿಗೆ ತಿರುಗಿ ಆಯೇರಿ ಮಾಡುತ್ತೇವಲ್ಲ, ಹಾಗೆ. ಆದರೆ ಅರ್ಜಿಯಲ್ಲಿ ‘ಸಮಾಜಕ್ಕೆ ಆದ ಪರಿಣಾಮ’ ಎಂಬ ಅಂಕಣವೂ ಇತ್ತು. ಅದಕ್ಕೆ ಅಕ್ಕನ ಹೇಳಿಕೆ ಬೇಕು. ಹೇಳಿಕೆ ಬರೆದದ್ದೂ ಸಾಹೇಬರೇ: ‘ಈ ಬ್ಯಾಟರಿಯಿಂದ ನನ್ನ ಬದುಕು ಬೆಳಗಿದೆ.’ ನಾನು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿಯಾಗಿ ಸಹಿ ಹಾಕಬೇಕು.

ಮುಂಜಾನೆ ಹೋಗಿ ಓದಿ ಹೇಳಿದೆ. ಅಕ್ಕ ನಕ್ಕುಬಿಟ್ಟಳು.

“ಬೆಳಗೈತಿ ಅಂತ ಬರದಾನೇನೋ ತಮ್ಮಾ ಆ ಪುಣ್ಯಾತ್ಮ? ದೀಪ ಆರಿ ಎರಡು ತಿಂಗಳಾತು. ತ್ವಾಳ ಬಂದು ಎರಡು ಮರಿ ಒಯ್ತು.”

“ಬ್ಯಾಟರಿ ಎಲ್ಲದ ಯಕ್ಕಾ?”

“ಅಕಾ, ಅಲ್ಲಿ.” ಬಲೆಯ ಮೂಲೆಯಲ್ಲಿ ಕಲ್ಲಿನ ಜೊತೆಗೆ ಅದೂ ಕುಳಿತಿತ್ತು. “ಭಾರ ಛಲೋ ಅದ. ಗಾಳಿಗೆ ಬಲಿ ಹಾರಂಗಿಲ್ಲ.”

“ಮತ್ತ ಹೆಬ್ಬೆಟ್ಟು?”

“ಮೊದಲು ದೀಪ ಹಚ್ಚು, ಆಮ್ಯಾಲ ಹೆಬ್ಬೆಟ್ಟು. ಇನ್ನ ಎಂಟು ದಿನದಾಗ ಕುರಿ ಈಯಾಕ ಸುರು ಆಗ್ತಾವ. ಕತ್ತಲದಾಗ ಮರಿ ಹೆಂಗ ಉಳಸ್ಲಿ? ನಿಮ್ಮ ಸಾಹೇಬ ಬಂದು ಬಲಿ ಬಾಜೂಕ ಕುಂತು ಬೊಗಳತಾನೇನು?”

ಬೊಗಳುವ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸಾಹೇಬರಿಗೆ ಒಪ್ಪಿಸಿದೆ. ಅವರು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

“ಆ ಕೆಲಸ ಮುಗದದ. ಪ್ರಬಂಧ ಅಚ್ಚಾಗಿ ಬಂದದ. ಈಗ ಅದೇ ಇದ್ದಿಲಿನಾಗ ಹೈಡ್ರೋಜನ್ ಹಿಡದಿಡಾಕತ್ತೀನಿ. ಮುಂದಿನ ಕಾಲದ ಇಂಧನ ಅದು, ತಿಳೀತೇನು?”

“ತಿಳೀತ್ರಿ ಸರ್. ಆದ್ರ ಕುರಿ ಈಯೋದು ಈ ತಿಂಗಳರಿ.”

“ಒಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಬರಾಕ ಆಗಲಿಲ್ಲ ನಿನಗ!”

“ಇಲ್ರಿ. ನನ್ನ ಸಹಿನೂ ಆಗಂಗಿಲ್ರಿ,” ಎಂದು ಕಾಗದವನ್ನು ಮೇಜಿನ ಮೇಲಿಟ್ಟು ಬಂದೆ. ಸಂಜೆಯೊಳಗೆ ಅದರ ಮೇಲೆ ಯಾರದೋ ಹೆಬ್ಬೆಟ್ಟು ಮೂಡಿತ್ತು, ಯಾರದೋ ಸಹಿಯೂ ಬಿದ್ದಿತ್ತು. ಸಾಹೇಬರು ಬಡ್ತಿ ಹೊಂದಿದರು, ಶಾಲು ಹೊದ್ದರು, ಭಾಷಣದಲ್ಲಿ ‘ನಮ್ಮ ಕುರಿಗಾರ ತಾಯಂದಿರು’ ಎಂದು ಕೈ ಮುಗಿದರು.

ಕುರಿಗಳು ಬಡ್ತಿಗೆ ಕಾಯುವುದಿಲ್ಲ. ಕಾಗದ ಮೇಜಿನ ಮೇಲಿಟ್ಟು ಬಂದ ಮರುವಾರವೇ ನಾನು ಗ್ಯಾರೇಜಿನ ಮಿಸ್ತ್ರಿಯಿಂದ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ದುರಸ್ತಿ ಮಾಡಿಸಿಕೊಂಡು ಸೈಕಲ್ಲಿಗೆ ಕಟ್ಟಿ ಒಯ್ದೆ. ಗುಂಡಿ ಒತ್ತಿದರೆ ದೀಪ ಹತ್ತಿತು. ಅಕ್ಕ ಅದರ ಸುತ್ತ ಒಂದು ಸಲ ತಿರುಗಿ ನೋಡಿದಳು.

“ಇದು ಯಾವ ಸಾಹೇಬಂದೋ ತಮ್ಮಾ?”

“ಸಾಹೇಬ ಅಲ್ಲ ಯಕ್ಕಾ. ಗ್ಯಾರೇಜಿನ ಮಿಸ್ತ್ರಿ.”

“ಹೌದಾ?” ಅವಳು ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳು ಮುಂದೆ ಮಾಡಿದಳು. “ತಾ ಹಂಗಾದ್ರ ಆ ಕಾಗದ. ಅವನ ಹೆಸರಿಲೆ ಒತ್ತತೀನಿ.”